ಉಲ್ಟಾ ಬದಿಯಲ್ಲಿ ಹದಿನಾಲ್ಕು ಸೈಕಲ್ಲು

ನಮ್ಮ ಸೈಕಲ್ ಗುಂಪು ಶನಿವಾರ, ಭಾನುವಾರ ಬೆಳಿಗ್ಗೆ ಲಕ್ಷ್ಮೀ ನಗರದ ಒಂದು ಒಳರಸ್ತೆಯಿಂದ ಹೊರಟು, ನಡುವೆ ಮೆಟ್ರೋ ಕಂಬಗಳು ನಿಂತಿರುವ ದೊಡ್ಡ ರಸ್ತೆಗೆ ಬಂದು ಸೇರುತ್ತಿತ್ತು. ಅಲ್ಲಿಂದ ನಾವು ಹೋಗಬೇಕಾದದ್ದು ಬಲಕ್ಕೆ. ಕಾಯ್ದೆಯ ಪ್ರಕಾರ ಮೊದಲು ಎಡಕ್ಕೆ ತಿರುಗಿ, ಸಿಗ್ನಲ್‌ ತನಕ ಹೋಗಿ, ಅಲ್ಲಿ ಸುತ್ತು ಹಾಕಿ ಆಚೆ ಬದಿಯಲ್ಲಿ ವಾಪಸ್ ಬರಬೇಕು. ನಾವು ಹಾಗೆ ಮಾಡುತ್ತಿರಲಿಲ್ಲ. ನೇರ ಬಲಕ್ಕೆ ತಿರುಗಿ, ಎದುರಿನಿಂದ ಬರುವವರ ಬದಿಯಲ್ಲೇ ಫುಟ್‌ಪಾತಿಗೆ ಅಂಟಿಕೊಂಡು ಆರು ಕಂಬಗಳಷ್ಟು ದೂರ ಹೋಗಿ, ಆರನೆಯ ಕಂಬದ ಬಳಿ ಡಿವೈಡರ್ ತೆರೆದಿರುವ ಜಾಗದಲ್ಲಿ ನಮ್ಮ ಬದಿಗೆ ದಾಟುತ್ತಿದ್ದೆವು. ಸಿಗ್ನಲ್ಲಿನಲ್ಲಿ ನಿಂತರೆ ಸರಾಸರಿ ವೇಗ ಬೀಳುತ್ತದೆ ಎಂಬುದು ಕಾರಣ. ಬೇರೆ ಕಾರಣ ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಗುಂಪಿನವರು ಈ ಸಂಗತಿಯನ್ನು ಹೇಳುವಾಗ ಯಾವಾಗಲೂ ಆರನೆಯ ಕಂಬದಿಂದ ಶುರುಮಾಡುತ್ತಾರೆ.

ಸರಾಸರಿ ವೇಗ ಎಂದರೆ ನಮಗೆ ದೇವರ ಹಾಗೆ. ಫೋನಿನಲ್ಲಿ ಒಂದು ಆ್ಯಪ್, ಕೈಯಲ್ಲಿ ಒಂದು ಗಡಿಯಾರ. ಎಷ್ಟು ದೂರ, ಎಷ್ಟು ಹೊತ್ತು, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಸವಾರಿ ಮುಗಿದ ಮೇಲೆ ಪೋಹಾ ಅಂಗಡಿಯ ಮುಂದೆ ಸೈಕಲ್ಲುಗಳನ್ನು ಅಡ್ಡಡ್ಡ ನಿಲ್ಲಿಸಿ, ನಡೆಯುವವರಿಗೆ ದಾರಿ ಇಲ್ಲದಂತೆ ಮಾಡಿ, ತಟ್ಟೆ ಹಿಡಿಯುತ್ತಿದ್ದೆವು. ಪೋಹಾ, ಅದೇ ನಮ್ಮ ಅವಲಕ್ಕಿ, ಅದರ ಮೇಲೆ ತರ್ರಿ. ಎಂದರೆ ಕೆಂಪು ಎಣ್ಣೆ ತೇಲುವ ಕಡಲೆಕಾಳಿನ ಸಾರು. ಅದನ್ನು ಎರಡೆರಡು ಸಲ ಹುಯ್ಯಿಸಿಕೊಂಡು, ಪಕ್ಕಕ್ಕೆ ಜಿಲೇಬಿ ಇಟ್ಟುಕೊಂಡು, ಇವತ್ತು ಎಷ್ಟು ಕೊಬ್ಬು ಕರಗಿತು ಎಂದು ಒಬ್ಬರು ಇನ್ನೊಬ್ಬರಿಗೆ ಗಡಿಯಾರ ತೋರಿಸುವುದು. ಮೈಗೆ ಅಂಟಿಕೊಂಡ ಹಳದಿ ಬಣ್ಣದ ಬನಿಯನ್, ತೊಡೆಯಲ್ಲಿ ಸ್ಪಂಜು ಇಟ್ಟು ಹೊಲಿದ ಚಡ್ಡಿ, ಐವತ್ತು ದಾಟಿದ ಹೊಟ್ಟೆಗಳು. ಆ ಸಾಲಿನಲ್ಲಿ ನನ್ನ ಹೊಟ್ಟೆಯೂ ಇತ್ತು. ಸೋಮವಾರದಿಂದ ಶುಕ್ರವಾರದವರೆಗೆ ಇದೇ ಜನ ಕಾರಿನಲ್ಲಿ ಕೂತು, ಮುಂದೆ ಒಂದು ಸೈಕಲ್ ಬಂದರೆ ಹಾರ್ನಿನ ಮೇಲಿನ ಕೈ ತೆಗೆಯುವುದಿಲ್ಲ. ಶನಿವಾರ ಬೆಳಗಾದರೆ, ಈ ಊರಿನಲ್ಲಿ ಸೈಕಲ್ ಸವಾರರಿಗೆ ಮರ್ಯಾದೆಯೇ ಇಲ್ಲ ಎಂದು ಗೋಳಾಡುತ್ತಾರೆ.

ನಾನು ಸರಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೇನೆ. ತಯಾರಾದ ತುಂಡು ಅಳತೆಯೊಳಗೆ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚಿದ್ದರೆ ತೆಗೆದು ಪಕ್ಕಕ್ಕಿಡುತ್ತೇನೆ. ಮಾಡಿದವನು ಎಷ್ಟು ಬೇಡಿಕೊಂಡರೂ ಬಿಡುವುದಿಲ್ಲ. ಧಾರವಾಡದ ಕಡೆಯಿಂದ ಈ ಮರಾಠಿ ಊರಿಗೆ ವರ್ಗವಾಗಿ ಬಂದು ಇಲ್ಲಿಯೇ ಹಳಬನಾದೆ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಡಾಕ್ಟರು ನಡೆಯಿರಿ, ಇಲ್ಲವೇ ಸೈಕಲ್ ಹೊಡೆಯಿರಿ ಎಂದರು. ಒಬ್ಬನೇ ಹೊಡೆಯಬಹುದಿತ್ತು. ಆದರೆ ನಾನು ಗುಂಪು ಸೇರಿದೆ. ಗುಂಪಿನಲ್ಲಿದ್ದರೆ ರಸ್ತೆಯಲ್ಲಿ ಸುರಕ್ಷಿತ ಎಂದು ಹೆಂಡತಿಗೆ ಹೇಳಿದೆ. ಆರು ತಿಂಗಳು ನೋಡಿ ಅವಳು ಒಂದು ದಿನ ಹೇಳಿದಳು: “ಏನ್ರೀ, ನಿಮ್ಮ ಸಕ್ಕರಿ ಇಳೀತೋ ಇಲ್ಲೋ ಗೊತ್ತಿಲ್ಲ, ಸೊಕ್ಕು ಮಾತ್ರ ಬರೋಬರ್ ಏರೈತಿ.”

ಗುಂಪಿನ ಕ್ಯಾಪ್ಟನ್ ಒಬ್ಬ ಕಣ್ಣಿನ ಡಾಕ್ಟರು. ಒಳ್ಳೆಯ ಡಾಕ್ಟರು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಸಾಲಿನಲ್ಲಿ ಅವರು ಮೊದಲು, ನಾನು ನಾಲ್ಕನೆಯವನು.

ಜನವರಿಯ ಒಂದು ಶನಿವಾರ. ಆರು ಗಂಟೆಗೆ ಇನ್ನೂ ಕತ್ತಲೆಯಿತ್ತು, ತೆಳ್ಳಗೆ ಮಂಜೂ ಇತ್ತು. ಹದಿನಾಲ್ಕು ಸೈಕಲ್ಲುಗಳ ಮುಂದೆಯೂ ಬಿಳಿ ದೀಪ. ನಮ್ಮ ದೀಪಗಳು ಸುಮ್ಮನೆ ಉರಿಯುವಂಥವಲ್ಲ, ಕಣ್ಣು ಕುಕ್ಕುವಂತೆ ಮಿನುಗುವಂಥವು. ಒಳರಸ್ತೆಯಿಂದ ಬಂದು ಬಲಕ್ಕೆ ತಿರುಗಿದೆವು. ಒಂದನೆಯ ಕಂಬ, ಎರಡನೆಯದು, ಮೂರನೆಯದು. ಇಬ್ಬಿಬ್ಬರು ಜೊತೆಯಾಗಿ, ಮಾತಾಡುತ್ತ. ನಾಲ್ಕನೆಯ ಕಂಬ ದಾಟುವಾಗ ಎದುರಿನಿಂದ ಒಂದು ಸೈಕಲ್ ಬರುವುದನ್ನು ಕಂಡೆ. ಹಳೆಯ ಕಪ್ಪು ಸೈಕಲ್, ದೀಪ ಇಲ್ಲ, ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ ತೂಗುತ್ತಿತ್ತು. ಸವಾರ ವಯಸ್ಸಾದವರು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದರು. ತಮ್ಮ ಎಡಬದಿಯಲ್ಲಿ, ಫುಟ್‌ಪಾತಿನಿಂದ ಒಂದು ಮೊಳ ದೂರದಲ್ಲಿ ಬರುತ್ತಿದ್ದರು. ಅವರು ಇರಬೇಕಾದ ಜಾಗದಲ್ಲೇ ಇದ್ದರು. ನಾವು ಐದನೆಯ ಕಂಬದ ಹತ್ತಿರ ಇದ್ದಾಗ ಅವರು ಆರನೆಯದರ ಬಳಿ, ಡಿವೈಡರ್ ತೆರೆದ ಜಾಗಕ್ಕೆ ಬಂದಿದ್ದರು.

ಆಗ ಯಾರೋ “ಕಾಕಾ, ಬಾಜೂಲಾ! ಬಾಜೂಲಾ!” ಎಂದು ಕೂಗಿದರು. ಪಕ್ಕಕ್ಕೆ ಸರಿ ಎಂದು ಮರಾಠಿಯಲ್ಲಿ.

ಅವರು ಪೆಡಲ್ ತುಳಿಯುವುದನ್ನು ನಿಲ್ಲಿಸಿದರು. ತಲೆ ಎತ್ತಿ ನಮ್ಮ ದೀಪಗಳನ್ನು ನೋಡಿದರು. ಎಡಕ್ಕೆ, ಫುಟ್‌ಪಾತಿನ ಕಡೆ ನೋಡಿದರು. ಆಮೇಲೆ ಬಲಕ್ಕೆ, ಡಿವೈಡರಿನ ಬಾಯಿಯ ಕಡೆಗೆ ಹ್ಯಾಂಡಲ್ ತಿರುಗಿಸಿದರು. ಅವಸರದಲ್ಲಿ ತಿರುಗಿಸಲಿಲ್ಲ, ತಪ್ಪು ತಿದ್ದಿಕೊಳ್ಳುವವರ ಹಾಗೆ ನಿಧಾನವಾಗಿ ತಿರುಗಿಸಿದರು. ಹಿಂದಿನಿಂದ ಬಂದ ಬಿಳಿ ಕಾರಿನ ಎಡಗನ್ನಡಿ ಅವರ ಹ್ಯಾಂಡಲಿಗೆ ತಾಗಿತು. ಸೈಕಲ್ ಅರ್ಧ ಸುತ್ತು ತಿರುಗಿ ಬಿತ್ತು. ಅವರು ಬಲಭುಜದ ಮೇಲೆ ಬಿದ್ದರು. ಕಾರು ಸ್ವಲ್ಪ ದೂರ ಹೋಗಿ ಕೆಂಪು ದೀಪ ತೋರಿಸಿತು, ಮತ್ತೆ ಹೋಯಿತು. ನಂಬರ್ ನನಗೆ ಕಾಣಲಿಲ್ಲ. ಕಂಡಿತ್ತು ಎಂದು ಹೇಳಿದವರು ಮೂವರು, ಮೂವರೂ ಬೇರೆ ಬೇರೆ ಹೇಳಿದರು.

ಡಾಕ್ಟರು ಬ್ರೇಕ್ ಹಾಕಿದರು. ಮೊದಲು ಗಡಿಯಾರದ ಗುಂಡಿ ಒತ್ತಿ ಲೆಕ್ಕ ನಿಲ್ಲಿಸಿದರು, ಆಮೇಲೆ ಸೈಕಲ್ಲಿನಿಂದ ಇಳಿದರು. ಈ ಕ್ರಮವನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅದೇ ಹೊತ್ತಿಗೆ ನನ್ನ ಬೆರಳೂ ಅದನ್ನೇ ಮಾಡುತ್ತಿತ್ತು.

ಡಬ್ಬಿ ತೆರೆದುಕೊಂಡು ರೊಟ್ಟಿ ರಸ್ತೆಗೆ ಬಿದ್ದಿದ್ದವು. ಅವರು ಎದ್ದು ಕೂರಲು ಹೋಗಿ, “ಯವ್ವಾ” ಎಂದು ಮತ್ತೆ ಮಲಗಿದರು. ಕನ್ನಡ. ಹತ್ತಿರ ಹೋಗಿ, “ಏಳಬ್ಯಾಡ್ರಿ ಕಾಕಾ, ಹಂಗ ಇರ್ರಿ” ಎಂದೆ. ಅವರು ನನ್ನ ಹೆಲ್ಮೆಟ್ಟನ್ನು, ಮುಖವನ್ನು ನೋಡಿದರು. ಈ ವೇಷದಿಂದ ಕನ್ನಡ ಬಂದದ್ದಕ್ಕೆ ಆಶ್ಚರ್ಯಪಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ನಾ ಯಾವ ಬಾಜೂ ಅದೀನ್ರಿ ಸಾಹೇಬ? ಗಲತ ಬಾಜೂ ಬಂದೀನೇನು?”

ನಾನು “ಏನೂ ಆಗಿಲ್ರಿ, ಆಟೋ ಬರ್ತೈತಿ” ಎಂದೆ.

ಡಾಕ್ಟರು ನನ್ನ ಬೆನ್ನು ತಟ್ಟಿ ಹಿಂದಿಯಲ್ಲಿ, “ನಿಮ್ಮ ಕಡೆಯವನೇ ಅಲ್ವಾ, ಒಳ್ಳೆಯದಾಯಿತು, ನೀವೇ ಜೊತೆಗೆ ಹೋಗಿ” ಎಂದರು. ಆಟೋದಲ್ಲಿ ಕೂರಿಸಿಕೊಂಡು ನಾನೇ ಹೋದೆ. ಉಳಿದ ಹದಿಮೂರು ಮಂದಿ ಬಾಗಿದ ಚಕ್ರದ ಫೋಟೋ ತೆಗೆದರು. ನಂತರ ಪೋಹಾ ತಿನ್ನಲು ಹೋದರು ಎಂದು ಅವರ ಫೋಟೋಗಳಿಂದಲೇ ತಿಳಿಯಿತು.

ಆಸ್ಪತ್ರೆಯಲ್ಲಿ ಭುಜದ ಮುಂದಿನ ಎಲುಬು ಮುರಿದಿದೆ ಎಂದರು. ಕೈಯನ್ನು ಕೊರಳಿಗೆ ತೂಗುಹಾಕಿದರು. ಮಗಳು ಓಡಿ ಬಂದಳು. ಮೂವತ್ತರ ಆಸುಪಾಸು, ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ, ಗಂಡ ಇಲ್ಲ, ತಂದೆಯ ಜೊತೆ ಇದ್ದಾಳೆ. ಕಾಕಾನ ಅಪ್ಪ ಬೀದರದ ಕಡೆಯಿಂದ ಬಂದವರು. ಕಾಕಾ ನಲವತ್ತು ವರ್ಷದಿಂದ ಇತವಾರಿ ಪೇಟೆಯ ಒಂದು ಧಾನ್ಯದ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತಾರೆ. ದಬ್ಬಣಕ್ಕೆ ಸುತಳಿ ಪೋಣಿಸುವುದು ಇಂದಿಗೂ ಅವರೇ. ನಲವತ್ತು ವರ್ಷದಿಂದ ಅದೇ ರಸ್ತೆ, ಅದೇ ಹೊತ್ತು. ಕಂಬಗಳಿಲ್ಲದ ಕಾಲದಿಂದ ಆ ರಸ್ತೆ ಅವರಿಗೆ ಗೊತ್ತು. ವ್ಯಾಯಾಮ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಆಸ್ಪತ್ರೆಯವರು ನಾಡಿ, ರಕ್ತದೊತ್ತಡ, ಸಕ್ಕರೆ ಎಲ್ಲ ನೋಡಿ, “ಈ ವಯಸ್ಸಿಗೆ ಬಹಳ ಚೆನ್ನಾಗಿದೆ” ಎಂದರು. ನಮ್ಮ ಹದಿನಾಲ್ಕು ಗಡಿಯಾರಗಳಲ್ಲಿ ಯಾವುದೂ ಅಂಥ ಸಂಖ್ಯೆ ತೋರಿಸಿರಲಿಲ್ಲ.

ಗುಂಪಿನ ವಾಟ್ಸಾಪಿನಲ್ಲಿ ಅಷ್ಟರೊಳಗೆ ಕಥೆ ತಯಾರಾಗಿತ್ತು. “ನಮ್ಮ ಸೈಕಲ್ ಬಂಧುವಿನ ಮೇಲೆ ಕಾರು.” ಕೆಳಗೆ ಬಾಗಿದ ಚಕ್ರ. ಸೈಕಲ್ಲುಗಳಿಗೆ ಬೇರೆ ದಾರಿ ಬೇಕೆಂದು ಒಂದು ಮನವಿ, ಸಹಿ ಮಾಡಿ ಎಂದು ಕರೆ. ಮೇಣದಬತ್ತಿ ಹಚ್ಚೋಣವೇ ಎಂದು ಒಬ್ಬರು ಕೇಳಿದರು. ಸತ್ತಿಲ್ಲ ಎಂದು ಇನ್ನೊಬ್ಬರು ನೆನಪಿಸಿದರು. ಬೇರೆ ದಾರಿ ಬೇಕು, ನಿಜ. ಕಾರು ನಿಲ್ಲಿಸದೆ ಹೋದದ್ದೂ ನಿಜ. ಒಂದೊಂದು ಮಾತನ್ನೂ ತೆಗೆದು ಅಳೆದರೆ ಎಲ್ಲ ಸರಿಯಾದ ಅಳತೆಯಲ್ಲೇ ಇದ್ದವು. ಜೋಡಿಸಿದರೆ ಸುಳ್ಳಾಗುತ್ತಿತ್ತು. ನಾನು ಆ ಮನವಿಗೆ ಸಹಿ ಮಾಡಿದೆ.

ಒಂದು ವಾರದ ಮೇಲೆ ಡಾಕ್ಟರು, ನಾನು, ಇನ್ನೂ ಮೂವರು ಕಾಕಾನ ಮನೆಗೆ ಹೋದೆವು. ಎರಡು ಕೋಣೆಯ ಮನೆ, ಓಣಿ ಎಷ್ಟು ಸಣ್ಣದೆಂದರೆ ಐದು ಜನ ಸಾಲಾಗಿ ಹೋಗಬೇಕಾಯಿತು. ಡಾಕ್ಟರು ಹಣ್ಣು ತಂದಿದ್ದರು. ಗುಂಪಿನ ಹೆಸರಿನ ಸ್ಟಿಕ್ಕರ್ ಅಂಟಿಸಿದ ಹೊಸ ಹೆಲ್ಮೆಟ್ ತಂದಿದ್ದರು. ಅದನ್ನು ಕಾಕಾನ ತಲೆಗೆ ಹಾಕಿ ಫೋಟೋ ತೆಗೆಸಿದರು. ಮುರಿದದ್ದು ಭುಜ. ಕೊರಳಿಗೆ ಕೈ ತೂಗುಹಾಕಿಕೊಂಡು, ಮಂಚದ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತ ಆ ಮನುಷ್ಯನ ಸುತ್ತ ನಿಂತು ನಾವು ನಕ್ಕೆವು. ಫೋಟೋದಲ್ಲಿ ನನ್ನ ಹಲ್ಲು ಕಾಣುತ್ತದೆ.

ಆಮೇಲೆ ಡಾಕ್ಟರು ಕೇಳಿದರು, “ಆ ದಿನ ಏನಾಯಿತು ಕಾಕಾ? ಒಮ್ಮೆಲೇ ನಡುರಸ್ತೆಗೆ ಯಾಕೆ ಬಂದಿರಿ?”

ಕಾಕಾ ಮೊದಲು ಹಿಂದಿಯಲ್ಲಿ ಶುರುಮಾಡಿ, ನಡುವೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. “ಎದ್ರೀಗ ಇಷ್ಟು ಲೈಟ್ ಬರ್ಲಾಕತ್ತಿದ್ವು. ಒಂದ ಅಲ್ಲ, ಎರಡ ಅಲ್ಲ. ಲೈನ್ ಹಚ್ಚಿ. ನಾ ಅಂದೆ, ಇಷ್ಟು ಮಂದಿ, ಟೋಪಿ ಹಾಕ್ಕೊಂಡೋರು, ಕಲ್ತೋರು, ಎಲ್ಲಾರೂ ಗಲತ ಬರ್ತಾರೇನು? ನಂದೇ ದಿಮಾಗ ಕೆಟ್ಟದ, ನಾನೇ ಉಲ್ಟಾ ಬಾಜೂ ಬಂದೀನಿ ಅಂದೆ. ಯಾರೋ ಬಾಜೂಲಾ ಬಾಜೂಲಾ ಅಂತ ಒದರಿದ್ರು. ಅದಕ್ಕ ನನ್ನ ಬಾಜೂಕ ಹೋಗ್ತೀನಿ ಅಂತ ಹೊಳ್ಳಿದೆ.”

ನಾನು ಇದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದೆ. ಪೂರ್ತಿ ಹೇಳಲಿಲ್ಲ. “ಎದುರಿನ ದೀಪದಿಂದ ಗೊಂದಲವಾಯಿತಂತೆ” ಎಂದೆ.

ಡಾಕ್ಟರು ತಲೆಯಾಡಿಸಿದರು. ಫೋನಿನ ಬೆಳಕು ಹಚ್ಚಿ ಕಾಕಾನ ಕಣ್ಣುಗಳನ್ನು ಒಂದೊಂದಾಗಿ ನೋಡಿದರು. “ಎಡಗಣ್ಣಿನಲ್ಲಿ ಮೋತಿಬಿಂದು ಇದೆ. ಪೊರೆ. ಎದುರು ಬೆಳಕು ಬಿದ್ದರೆ ಎಲ್ಲ ಹರಡಿದ ಹಾಗೆ ಕಾಣುತ್ತದೆ. ನನ್ನಲ್ಲಿಗೆ ಬನ್ನಿ, ನಾನೇ ಆಪರೇಶನ್ ಮಾಡುತ್ತೇನೆ, ಏನೂ ಕೊಡಬೇಡಿ” ಎಂದರು. ಮನಸ್ಸಿನಿಂದಲೇ ಹೇಳಿದರು. ಪೊರೆ ಇದ್ದದ್ದೂ ನಿಜ. ಅವರು ಅಲ್ಲಿ ನಟಿಸುತ್ತಿದ್ದರು ಎಂದು ನಾನು ಬರೆದರೆ ಅದು ತಪ್ಪಾಗುತ್ತದೆ. ನಾವು ಯಾವ ಬದಿಯಲ್ಲಿದ್ದೆವು ಎಂಬುದು ಅವರ ತಲೆಗೆ ಬರಲೇ ಇಲ್ಲ. ಆರು ಕಂಬಗಳ ದೂರ ಅವರ ಲೆಕ್ಕದಲ್ಲಿ ರಸ್ತೆಯೇ ಅಲ್ಲ, ನಮ್ಮ ಅಂಗಳ. ನನ್ನ ತಲೆಗೆ ಬಂದಿತ್ತು. ಅಷ್ಟೇ ವ್ಯತ್ಯಾಸ, ಆ ವ್ಯತ್ಯಾಸ ಯಾರ ಪರವಾಗಿದೆ ಎಂದು ನಾನು ಯೋಚಿಸಿದ್ದೇನೆ.

ಮಗಳು ಬಾಗಿಲ ತನಕ ಬಂದಳು. ಅವಳ ಕನ್ನಡದಲ್ಲಿ ಮರಾಠಿ ಹೆಚ್ಚು. “ಸಾಹೇಬ್ರ, ನಾ ವರ್ಷ ಆತು, ಡೋಳೇ ತೋರ್ಸ್ರಿ, ಕಣ್ಣು ತೋರ್ಸ್ರಿ ಅಂತ ಬೊಬ್ಬಿ ಹೊಡೀತೀನಿ. ಡೋಳೇ ಆದ್ರ ಆಗ್ಲಿ. ನಂಗ ಭೀತಿ ಬ್ಯಾರೆ ಅದ. ನಿನ್ನಿ ಹಾಲು ತರ್ಲಾಕ ಹೋದ್ರು. ಓಣಿ ಬಾಯಾಗ ನಿಂತು, ಯಾವ ಬಾಜೂಲೆ ಹೋಗ್ಲಿ ಅಂತ ನನಗ ಕೇಳ್ತಾರ. ಹಾಲಿನ ಅಂಗಡಿ ಇಲ್ಲೇ ಅದ, ಕಾಣ್ತದ. ತಲೀನೇ ಕಾಮ್ ಮಾಡವಲ್ತೇನೋ. ಇನ್ನ ಇತವಾರಿ ಬಂದ್. ಸೈಕಲ್ ಮಾರ್ತೀನಿ.”

ಒಳಗಿನಿಂದ ಕಾಕಾ, “ಮಾರು, ಮಾರು. ಆಮೇಲೆ ನನ್ನೂ ಮಾರು” ಎಂದರು. ಜೋಕಿನಂತೆ ಹೇಳಿದರು.

ಓಣಿಯಲ್ಲಿ ಸಾಲಾಗಿ ಹೊರಗೆ ಬರುವಾಗ ಡಾಕ್ಟರು, “ವಯಸ್ಸು. ಏನು ಮಾಡಲಿಕ್ಕಾಗುತ್ತದೆ. ಅವರು ಸೈಕಲ್ ಬಿಡುವುದೇ ಒಳ್ಳೆಯದು” ಎಂದರು. ಸೈಕಲ್ ಹೊಡೆಯುವುದೇ ಆರೋಗ್ಯ ಎಂದು ಪ್ರತಿದಿನ ಬೆಳಿಗ್ಗೆ ನಮಗೆ ಸಂದೇಶ ಕಳಿಸುವವರು ಅವರೇ.

ಮುಂದಿನ ಎರಡು ವಾರ ನಾನು ಕೆಲಸಕ್ಕೆ ಹೋದೆ, ತುಂಡುಗಳನ್ನು ಅಳೆದೆ, ಮನೆಗೆ ಬಂದೆ. ಎರಡು ಶನಿವಾರ, ಎರಡು ಭಾನುವಾರ ಗುಂಪಿನೊಂದಿಗೆ ಹೋದೆ. ಆರು ಕಂಬಗಳನ್ನೂ ಅದೇ ಬದಿಯಲ್ಲಿ ದಾಟಿದೆ. ಈ ವಾಕ್ಯವನ್ನು ಬಿಟ್ಟು ಬರೆಯಬಹುದಿತ್ತು. ಆ ಮನುಷ್ಯ ಬಿದ್ದ ಜಾಗದ ಮೇಲೆಯೇ, ಅದೇ ಉಲ್ಟಾ ದಿಕ್ಕಿನಲ್ಲಿ, ದೀಪ ಮಿನುಗಿಸಿಕೊಂಡು ನಾವು ಹದಿನಾಲ್ಕೂ ಮಂದಿ ನಾಲ್ಕು ಸಲ ಹೋದೆವು. ಮೊದಲ ದಿನ ಡಾಕ್ಟರು ಅಲ್ಲಿ ಕೈ ಎತ್ತಿ ವೇಗ ಕಡಿಮೆ ಮಾಡಿಸಿದರು, ಗೌರವಕ್ಕೆಂದು. ಸರಾಸರಿ ಬಿತ್ತು ಎಂದು ಹಿಂದಿನಿಂದ ಒಬ್ಬರು ಗೊಣಗಿದರು.

ಹೆಂಡತಿಗೆ ಹೇಳಿದ್ದು ಒಂದು ಸಂಜೆ, ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ. ಕೇಳಿದ ಮೇಲೆ ಅವಳ ಕೈ ನಿಂತಿತು.

“ಅಲ್ರೀ, ಹಂಗಂದ್ರ ಆ ಮನಷ್ಯಾಗ ದಾರಿ ತಪ್ಪಿಲ್ಲ?”

“ಇಲ್ಲ.”

“ತಲಿ ಕೆಟ್ಟಿಲ್ಲ?”

“ಇಲ್ಲ. ನೂರಕ್ಕ ನೂರು ಬರೋಬರ್ ಬಾಜೂ ಇದ್ರು.”

“ಮತ್ತ ಬಾಜೂಲಾ ಅಂತ ಒದರಿದಾಂವ ಯಾರು?”

ನಾನು ಒಂದು ಕಟ್ಟು ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದೆ. ಮೇಲೆ “ಯಾರೋ” ಎಂದು ಬರೆದಿದ್ದೇನೆ. ಅದು ನಾನು. ನನ್ನ ಬಾಯಿಂದ ಬಂದ ಮರಾಠಿ. ಕಾರಿನಲ್ಲಿ ಕೂತು ಹಾರ್ನ್ ಹೊಡೆಯುವ ಅದೇ ದನಿ.

ಅವಳಿಗೆ ಗೊತ್ತಾಯಿತು. ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. “ಡಾಕ್ಟರ್ ಅಂವನ ಕಣ್ಣಾಗ ಬೆಳಕ ಬಿಟ್ಟು ನೋಡ್ಯಾರಂತ. ನಿಮ್ಮ ಹದಿನಾಲ್ಕು ಮಂದಿ ಕಣ್ಣಾಗ ಯಾರು ಬಿಡಬೇಕು? ಹೋಗಿ ಹೇಳಿದ್ರ ನಿಮ್ಮ ಗಂಟೇನು ಹೋಗ್ತೈತಿ? ಅಲ್ಲೆ ಆ ಮನಷ್ಯಾ ತನ್ನ ತಲಿ ಹೋಗೈತಿ ಅಂತ ಕುಂತಾನ. ಹೋಗ್ರಿ ನಾಳೆ.”

ಮರುದಿನ ಭಾನುವಾರ. ಬೆಳಿಗ್ಗೆ ಸವಾರಿಗೆ ಹೋಗಲಿಲ್ಲ. ಹೊರಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಉಲ್ಟಾ ಬಂದವರು ನಾವೇ ಎಂದು ಕಾಕಾನಿಗೆ ಹೇಳಲು ಹೋಗುತ್ತಿದ್ದೇನೆ ಎಂದೆ. ಅನುಮತಿ ಕೇಳಲು ಮಾಡಿದೆ ಎಂದು ಈಗ ಅನ್ನಿಸುತ್ತದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. “ನೋಡಿ, ನಾವು ಅವರನ್ನು ಮುಟ್ಟಿದ್ದೇವಾ? ಹೊಡೆದದ್ದು ಕಾರು. ಇಂಥ ಮಾತು ಹೊರಗೆ ಹೋದರೆ ಮನವಿಯ ಗತಿ ಏನು? ಇಡೀ ಊರಿನ ಸೈಕಲ್ ಸವಾರರಿಗೆ ನಷ್ಟ. ಆಪರೇಶನ್ ಆದ ಮೇಲೆ ಅವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ.” ನಾನು, “ಆ ದಿನವೂ ಅವರಿಗೆ ಸರಿಯಾಗಿಯೇ ಕಂಡಿತ್ತು” ಎಂದೆ. “ಹಾಗಾದರೆ ನಿಮ್ಮ ಇಷ್ಟ. ಗುಂಪು ನಿಮ್ಮ ಜೊತೆ ಇರುವುದಿಲ್ಲ” ಎಂದರು. ನಾನು ಆ ಓಣಿಯ ಬಾಯಿಗೆ ಹೋಗಿ ಸೈಕಲ್ ಇಳಿಯುವಷ್ಟರಲ್ಲಿ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಾಗಿತ್ತು. ಅಷ್ಟು ವೇಗವನ್ನು ನಮ್ಮ ಗುಂಪು ರಸ್ತೆಯ ಮೇಲೆ ಒಮ್ಮೆಯೂ ತೋರಿಸಿರಲಿಲ್ಲ.

ಕಾಕಾ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಗಳು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಆರಿಸುತ್ತಿದ್ದಳು. ನಾನು ನೆಲದ ಮೇಲೆಯೇ ಕೂತೆ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಅಲ್ಲಿ ಬರಲಿಲ್ಲ.

“ಕಾಕಾ, ಆ ದಿನ ನೀವು ನಿಮ್ಮ ಬಾಜೂಲೇ ಇದ್ರಿ. ನಾವು ಉಲ್ಟಾ ಬಂದಿದ್ವಿ.”

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮಗಳು ತಲೆ ಎತ್ತಿದಳು.

“ಹಂಗ ಬಾಯಿಲೆ ಬ್ಯಾಡ್ರಿ,” ಎಂದರು ಕಾಕಾ. ಒಳ್ಳೆಯ ಕೈ ಚಾಚಿ ಮೊರದಿಂದ ಒಂದು ಹಿಡಿ ಬೇಳೆ ತೆಗೆದು ನನ್ನ ಮುಂದೆ ಸುರಿದರು. ಅಲ್ಲಿ ಹಾಸಿದ್ದ ಚಾಪೆಯ ಎರಡೂ ಅಂಚುಗಳನ್ನು ಒಂದೊಂದಾಗಿ ತೋರಿಸಿದರು. “ಇದು ಡಿವೈಡರ್. ಇದು ಫುಟ್‌ಪಾತ್. ಇತವಾರಿ ಈ ಕಡೆ. ಈಗ ನಾ ಎಲ್ಲಿದ್ದೆ, ಇಡ್ರಿ.”

ನಾನು ಒಂದು ಬೇಳೆ ಇಟ್ಟೆ.

“ನೀವು?”

ಒಂದೊಂದಾಗಿ ಎದುರಿಗೆ ಇಟ್ಟೆ. ಸಾಲು ಸೊಟ್ಟಗಾಯಿತು, ಸರಿಮಾಡಿದೆ. ಅವರು ಬಾಯಲ್ಲಿ ಎಣಿಸುತ್ತಿದ್ದರು. ಹದಿನಾಲ್ಕಕ್ಕೆ ನಿಂತೆ. ಅವರು ಬಾಗಿ ಬಹಳ ಹೊತ್ತು ನೋಡಿದರು. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಒಂಟಿ ಬೇಳೆಯ ಮೇಲೆ ಬೆರಳಿಟ್ಟರು.

“ಇದು ಬರೋಬರ್ ಅದ?”

“ಬರೋಬರ್.”

“ಇವು?” ಬೆರಳು ಸಾಲಿನುದ್ದಕ್ಕೂ ಸರಿಯಿತು. “ಹದಿನಾಲ್ಕಕ್ಕ ಹದಿನಾಲ್ಕೂ ಗಲತ?”

“ಹದಿನಾಲ್ಕೂ.”

ಅವರು ಮಗಳ ಕಡೆ ತಿರುಗಿದರು. “ಕೇಳ್ದೇನವಾ? ಹದಿನಾಲ್ಕಕ್ಕ ಹದಿನಾಲ್ಕು! ಒಂದಕ್ಕರ ಅಕಲ್ ಬ್ಯಾಡಾ?” ನಕ್ಕರು. ನಗುವಾಗ ಭುಜ ನೋಯಿತು, ಕೈಯಿಂದ ಒತ್ತಿ ಹಿಡಿದು ಮತ್ತೆ ನಕ್ಕರು. ಕಣ್ಣಲ್ಲಿ ನೀರು ಬಂತು. “ಮತ್ತ ಹೇಳ್ರಿ. ಆಕೀಗ ಮರಾಠಿಯಾಗ ಹೇಳ್ರಿ. ಬರೋಬರ್ ಸಮಜಾಗ್ಲಿ.”

ಮರಾಠಿಯಲ್ಲಿ ಹೇಳಿದೆ. ಮಗಳು ನಗಲಿಲ್ಲ. ಮೊರ ಕೆಳಗಿಟ್ಟಳು.

“ಆ ದಿನಾನೇ ಗೊತ್ತಿತ್ತೇನು ನಿಮಗ?”

“ಗೊತ್ತಿತ್ತು.”

“ಹೆಲ್ಮೆಟ್ ತಂದ ದಿನ?”

“ಗೊತ್ತಿತ್ತು.”

“ಹಾಂ,” ಎಂದಳು. ಅಷ್ಟೇ.

ಕಾಕಾ ಇನ್ನೂ ಸಾಲನ್ನೇ ನೋಡುತ್ತಿದ್ದರು. “ಬಾಜೂಲಾ ಅಂತ ಒದರಿದಾಂವ ಇದರಾಗ ಯಾಂವ?”

ನಾನು ನಾಲ್ಕನೆಯ ಬೇಳೆಯನ್ನು ತೋರಿಸಿದೆ. “ಇದು. ನಾನು.”

ಅವರ ನಗು ನಿಂತಿತು. ನನ್ನ ಮುಖವನ್ನು ನೋಡಿದರು. ಹುಳ ಬಿದ್ದ ಕಾಳನ್ನು ಅವರು ಅಂಗಡಿಯಲ್ಲಿ ಹಾಗೆ ನೋಡುತ್ತಿರಬಹುದು; ಸಿಟ್ಟಿಲ್ಲ, ಎಸೆಯುವ ಮುಂಚೆ ಒಂದು ಸಲ.

“ನಾ ತಿಳ್ಕೊಂಡಿದ್ದೆ, ಯಾರೋ ಪುಣ್ಯಾತ್ಮ ಹಾದಿ ತೋರ್ಸ್ಲಾಕತ್ತಾನ ಅಂತ,” ಎಂದರು. “ಆಸ್ಪತ್ರಿಯಾಗ ಮಲ್ಕೊಂಡು ಅವನಿಗಿ ದುವಾ ಕೊಟ್ಟೀನಿ, ತಮ್ಮಾ.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯಾಡಿಸಿ ತಡೆದರು. ಬೇಳೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದರು, ತಿನ್ನುವ ಪದಾರ್ಥವಲ್ಲವೇ. ಗೋಡೆ ಹಿಡಿದು ಎದ್ದರು. ಮಗಳು ತೋಳು ಹಿಡಿಯಲು ಹೋದರೆ, “ಬಿಡು. ಕಣ್ಣು ಕೊಯ್ಸಿಕೋತೀನಿ, ಅದು ಬ್ಯಾರೆ ಮಾತು. ಅದು ಬ್ಯಾರೆ” ಎಂದರು. ಚಪ್ಪಲಿ ಹುಡುಕಿ ಹಾಕಿಕೊಂಡರು.

ಓಣಿಯಲ್ಲಿ ಅವರು ಮುಂದೆ, ಮಗಳು ಹಿಂದೆ, ಕೊನೆಗೆ ಸೈಕಲ್ ಹಿಡಿದು ನಾನು. ಓಣಿಯ ಬಾಯಲ್ಲಿ ರಸ್ತೆ. ಭಾನುವಾರದ ಹತ್ತು ಗಂಟೆ, ಟೆಂಪೋ, ಆಟೋ, ಸ್ಕೂಟರ್ ಎಲ್ಲ ಇದ್ದವು. ಅವರು ಅಲ್ಲಿ ನಿಂತರು. ಮಗಳೂ ನಿಂತಳು, ಅವರು ತಿರುಗಿ ಕೇಳುತ್ತಾರೆಂದು. ಅವರು ಕೇಳಲಿಲ್ಲ. ಬಲಕ್ಕೆ ನೋಡಿದರು. ಒಂದು ಸ್ಕೂಟರನ್ನು ಹೋಗಬಿಟ್ಟರು. ಆಮೇಲೆ ರಸ್ತೆಗೆ ಇಳಿದು, ಎಡಬದಿ ಹಿಡಿದು, ತೂಗುವ ಕೈಯನ್ನು ಇನ್ನೊಂದು ಕೈಯಿಂದ ಆನಿಸಿಕೊಂಡು ಹಾಲಿನ ಅಂಗಡಿಯ ಕಡೆ ನಡೆದರು. ತಮ್ಮ ಹೆಜ್ಜೆಯಲ್ಲೇ ನಡೆದರು.

ಮಗಳು ಅವರು ಅಂಗಡಿ ಮುಟ್ಟುವವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

“ನೀವು ಇನ್ನ ಹೋಗ್ರಿ. ಅವರು ಹಾಲು ತಗೊಂಡು ಬರ್ತಾರ. ಬರೋದ್ರಾಗ ನೀವು ಇಲ್ಲಿ ಇರಬ್ಯಾಡ್ರಿ.”